ಒದ್ದೆ ಗೋಣಿಚೀಲ

ಹುಳಗಳಿಗೆ ವಿಷ ಉಣಿಸಿದ್ದು ನಾನು. ಚಿಕ್ಕಮಾದು ಅಲ್ಲ.

ಇಷ್ಟು ಬರೆಯಲು ನನಗೆ ಇಪ್ಪತ್ಮೂರು ವರ್ಷ ಹಿಡಿಯಿತು. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು, ಒತ್ತಕ್ಷರ ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಆದರೆ ತಡವಾದದ್ದು ಅಕ್ಷರ ಬಾರದ್ದಕ್ಕಲ್ಲ. ಬಾಯಿ ಇತ್ತಲ್ಲ— ಹೇಳಬಹುದಾಗಿತ್ತು. ಹೇಳಲಿಲ್ಲ.

ನನ್ನ ಹೆಸರು ನಿಂಗಮ್ಮ. ಮರಳವಾಡಿ ಕಡೆಯ ಊರು. ನಮ್ಮದು ರೇಷ್ಮೆ ಬೆಳೆಯುವ ಮನೆ. ಈ ಮಾತು ನನ್ನೊಳಗಿಂದ ಮೇಲೆದ್ದದ್ದು ದುಃಖದಲ್ಲಲ್ಲ, ಸಂತೋಷದಲ್ಲಿ. ಹೇಳಿದರೆ ನಂಬುವುದು ಕಷ್ಟ, ಆದರೂ ಹಾಗೇ ಆಯಿತು. ಈ ವರ್ಷ ನನ್ನ ಮೊಮ್ಮಗಳು ಚೈತ್ರ ಲಾ ಪಾಸು ಮಾಡಿ, ಅದರ ಮೇಲಿನ ಓದಿಗೂ ಸೀಟು ಗಿಟ್ಟಿಸಿಕೊಂಡು ಬಂದಳು. ನಮ್ಮ ಮನೆತನದಲ್ಲಿ ಕರಿಕೋಟು ಹಾಕಿದವರು ಇವಳೇ ಮೊದಲು. ನಾನು ಬೀದಿಯ ಎರಡೂ ಕಡೆ ಮನೆಮನೆಗೆ ಸಿಹಿ ಹಂಚಿದೆ. ಬಸ್ಸು ಕಾಯುತ್ತಿದ್ದ ಗುರುತಿಲ್ಲದವರ ಕೈಗೂ ಇಟ್ಟೆ. "ಏನಜ್ಜಿ, ಮದ್ವೇನಾ?" ಎಂದು ಕೇಳಿದ ಕಂಡಕ್ಟರಿಗೆ, "ಮದ್ವೆ ಎಲ್ಲಾರೂ ಆಯ್ತಾರೆ ಕಣಪ್ಪಾ, ಲಾಯರ್ ಎಲ್ಲಾರೂ ಆಗಲ್ಲ" ಎಂದೆ. ಅಷ್ಟು ಉಬ್ಬಿದ್ದೆ. ಎದೆ ತುಂಬಿ ಉಕ್ಕುವಾಗ ತಳದಲ್ಲಿದ್ದದ್ದೂ ಮೇಲೆ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಅವಳು ಓದಲು ಆರಿಸಿಕೊಂಡದ್ದು ಅಪರಾಧ, ಶಿಕ್ಷೆ, ಜೈಲು— ಇಂಥ ವಿಷಯ. ಹೆಣ್ಣುಮಗಳಿಗೆ ಇದ್ಯಾಕೆ ಎಂದು ನಾನು ಕೇಳಿದ್ದಕ್ಕೆ, ರಾಗಿ ಮುದ್ದೆ ಮುರಿಯುತ್ತಾ ಹೇಳಿದಳು.

"ಅಜ್ಜಿ, ಕೋರ್ಟು ಏನ್ ಕೇಳ್ತದೆ? ಯಾವ ಕಾನೂನು ಮುರೀತು, ಮುರಿದೋರು ಯಾರು, ಅವ್ರಿಗೆಷ್ಟು ಶಿಕ್ಷೆ. ನಾನು ಓದೋದ್ರಲ್ಲಿ ಬೇರೆ ಥರ ಕೇಳ್ತಾರೆ. ನೋವಾಗಿದ್ದು ಯಾರಿಗೆ? ಅವ್ರಿಗೀಗ ಏನ್ ಬೇಕು? ಅದನ್ನ ಸರಿ ಮಾಡೋ ಹೊಣೆ ಯಾರ್ದು?"

ಅದಕ್ಕೊಂದು ಇಂಗ್ಲಿಷು ಹೆಸರು ಹೇಳಿದಳು, ಪುನಃಸ್ಥಾಪನಾ ನ್ಯಾಯ ಎಂದು ಕನ್ನಡದಲ್ಲೂ ಹೇಳಿದಳು. ಎರಡೂ ನನ್ನ ನಾಲಿಗೆಗೆ ಹೊರಳಲಿಲ್ಲ. ಮುರಿದದ್ದನ್ನು ಕೂಡಿಸುವ ನ್ಯಾಯ ಎಂದುಕೊಂಡೆ. ತಟ್ಟೆ ಪಕ್ಕಕ್ಕೆ ಸರಿಸಿ ನೀರು ಕುಡಿದೆ.

ಅದೇ ಭಾನುವಾರ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ದುಂಡಗೆ ಕೂರಿಸಿದಳು. ಮಗ ಶಿವಣ್ಣ, ಸೊಸೆ, ನಾನು, ಅವಳು. ಕಾಲೇಜಿನಲ್ಲಿ ಕಲಿತದ್ದನ್ನು ನಮ್ಮ ಮೇಲೆ ರೂಢಿ ಮಾಡಿಕೊಳ್ಳಬೇಕಂತೆ. ಒಂದು ವಸ್ತು ಕೈಯಿಂದ ಕೈಗೆ ಹೋಗಬೇಕು, ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಮಿಕ್ಕವರು ಕೇಳಬೇಕು. ಮಾತಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಮುಂದಕ್ಕೆ ದಾಟಿಸಬಹುದು. ಅಟ್ಟದ ಡಬ್ಬ ಕೆದಕಿ ಅವಳು ತಂದ ವಸ್ತು ಯಾವುದೆಂದರೆ— ಅವಳು ಕೂಸಾಗಿದ್ದಾಗಿನ ಗಿಲಕಿ. ಚನ್ನಪಟ್ಟಣದ್ದು, ಅರಗಿನ ಬಣ್ಣದ್ದು, ಕೆಂಪು ಹಳದಿ ಪಟ್ಟೆ. ಬಣ್ಣ ಇನ್ನೂ ಮಾಸಿರಲಿಲ್ಲ.

"ನಿಮ್ಮಜ್ಜಿ ಕೈಗೆ ಕೊಟ್ಯಾ, ಹಾಲು ಕರೆಯೋ ಹೊತ್ತಾದ್ರೂ ವಾಪಸ್ ಬರಲ್ಲ ಬುಡು" ಎಂದ ಶಿವಣ್ಣ. ಎಲ್ಲರೂ ನಕ್ಕೆವು.

ಅವಳು ಕೇಳಿದ ಪ್ರಶ್ನೆ ಇಷ್ಟೇ— ಯಾರಿಗಾದರೂ ನೋವು ಮಾಡಿ, ಹೇಳದೆ ಇಟ್ಟುಕೊಂಡದ್ದು ಏನಾದರೂ ಇದೆಯಾ? ಶಿವಣ್ಣ ಸ್ಕೂಲಿನಲ್ಲಿ ಯಾರದೋ ಜ್ಯಾಮಿಟ್ರಿ ಬಾಕ್ಸು ಕದ್ದದ್ದು ಹೇಳಿದ. ಸೊಸೆ, ತಂಗಿಯ ಸೀರೆಗೆ ಇಸ್ತ್ರಿಪೆಟ್ಟಿಗೆಯಿಂದ ತೂತು ಮಾಡಿ ತಪ್ಪನ್ನು ಇಲಿಯ ಮೇಲೆ ಹಾಕಿದ್ದಳಂತೆ. ಗಿಲಕಿ ನನ್ನ ಕೈಗೆ ಬಂತು.

ನಾನು ಅಲ್ಲಾಡಿಸಲಿಲ್ಲ. ಅದು ತಾನಾಗೇ ಸದ್ದು ಮಾಡತೊಡಗಿತು. ಆ ದಿನವೂ ನನ್ನ ಕೈಯಲ್ಲಿ ಇದೇ ಗಿಲಕಿ ಇತ್ತು— ಠಾಣೆಯವರು ಇದೇ ಪಡಸಾಲೆಯಲ್ಲಿ ಕೂತು ನನ್ನನ್ನು ಕೇಳಿದಾಗ, ತೊಟ್ಟಿಲ ಕೂಸನ್ನು ಇದರಿಂದಲೇ ಸಮಾಧಾನ ಮಾಡುತ್ತಾ ನಾನು ಆ ಸುಳ್ಳು ಹೇಳಿದ್ದೆ.

ಏನೂ ಹೇಳದೆ ಚೈತ್ರಳ ಕೈಗೆ ದಾಟಿಸಿದೆ. ಅವಳು ನನ್ನ ಮುಖ ನೋಡಿದಳು.

ಈಗ ಆ ದಿನದ್ದು ಹೇಳುತ್ತೇನೆ.

ರೇಷ್ಮೆ ಹುಳು ಸಾಕುವವರಿಗೆ ಗೊತ್ತು, ಅದು ಕೂಸಿಗಿಂತ ಸೂಕ್ಷ್ಮ. ಹುಳದ ಮನೆಗೆ ಹೋಗುವಾಗ ಸುಣ್ಣದ ಪುಡಿ ತುಳಿದೇ ಹೋಗಬೇಕು. ಹೊಗೆಸೊಪ್ಪು ಮುಟ್ಟಿದ ಕೈ ಹುಳು ಮೇಯುವ ಹಿಪ್ಪುನೇರಳೆ ಸೊಪ್ಪಿಗೆ ತಾಕಬಾರದು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದಮೇಲೆ ಅದರ ಹಸಿವು ಹಸಿವಲ್ಲ. ಸೊಪ್ಪು ಮೇಯುವ ಸದ್ದು ಪಡಸಾಲೆಗೆ ಕೇಳುತ್ತದೆ. ಇನ್ನು ಮೂರು ನಾಲ್ಕು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತವೆ ಅನ್ನುವ ಹೊತ್ತು.

ನಮ್ಮ ಸೀಮೆಯಲ್ಲಿ ಕೈಗುಣ ಅಂತ ಒಂದು ಮಾತಿದೆ. ಕೆಲವು ಹೆಂಗಸರು ಸೊಪ್ಪು ಹಾಕಿದರೆ ಹುಳು ಚೆನ್ನಾಗಿ ಬರುತ್ತದೆ ಅಂತ. ನನ್ನದು ಅಂಥ ಕೈ ಅನ್ನುತ್ತಿದ್ದರು. ಯಾರೇ ಸಾಕಲು ಹೊಸದಾಗಿ ಹುಳು ಇಳಿಸಲಿ, ಎಲೆ ಅಡಿಕೆ ತಟ್ಟೆ ಹಿಡಿದು ಬಂದು, "ನಿಂಗಕ್ಕ, ಮೊದಲ್ನೇ ಸೊಪ್ಪು ನಿಮ್ ಕೈಲೇ ಆಗ್ಲಿ" ಎಂದು ಕರೆಯುತ್ತಿದ್ದರು. ಬೆಳ್ಳಿ ಬಂಗಾರ ಇಲ್ಲದವಳಿಗೆ ಅದೇ ಒಡವೆ. ನಾನು ಅದನ್ನು ಹಾಕಿಕೊಂಡೇ ಬೀದಿಯಲ್ಲಿ ನಡೆಯುತ್ತಿದ್ದೆ.

ಚಿಕ್ಕಮಾದು ನಮ್ಮ ಪಕ್ಕದ ಹೊಲದವನು. ತನ್ನ ತುಂಡು ನೆಲದ ಕೆಲಸ ಮುಗಿಸಿಕೊಂಡು ನಮ್ಮಲ್ಲಿಗೂ ಸೊಪ್ಪು ಕೊಯ್ಯಲು ಬರುತ್ತಿದ್ದ. ಮೆತ್ತನೆಯ ಮನುಷ್ಯ. ಶಿವರಾತ್ರಿಗೆ ಮುಂಚೆ ಅವನ ಹಸು ಹಗ್ಗ ಕಿತ್ತುಕೊಂಡು ಬಂದು ನಮ್ಮ ಹಿಪ್ಪುನೇರಳೆಯ ಎರಡು ಸಾಲು ಮೇದುಬಿಟ್ಟಿತು. ನಮ್ಮ ಯಜಮಾನರು ಸಿಟ್ಟಿನವರು. ಹಸುವನ್ನು ನಮ್ಮ ಅಂಗಳದಲ್ಲಿ ಬಿಸಿಲಿಗೆ ಕಟ್ಟಿಹಾಕಿದರು. ಹಗಲೆಲ್ಲ ನೀರು ತೋರಿಸಲಿಲ್ಲ. ಅತ್ತ ಅವನ ಕೊಟ್ಟಿಗೆಯಲ್ಲಿ ಕರು ಅರಚುತ್ತಿತ್ತು. ಸಂಜೆ ಚಿಕ್ಕಮಾದು ಬಂದು ನೋಡಿ ಅತ್ತುಬಿಟ್ಟ. ಅಳುತ್ತಲೇ ಊರೆಲ್ಲ ಕೇಳುವ ಹಾಗೆ ಕೂಗಿದ.

"ಬಾಯಿಲ್ದಿರೋ ಪ್ರಾಣೀನ ನೀರಿಲ್ದಂಗೆ ಕಟ್ಟಾಕಿದ್ದೀಯಲ್ಲೋ ಗೌಡ! ನಿನ್ ಹುಳಾನೂ ಹಿಂಗೇ ಒದ್ದಾಡ್ಕಂಡು ಸಾಯ್ಲಿ ಕಣೋ!"

ಆಮೇಲೆ ಮೂರೇ ದಿನ.

ಆ ಮೂರನೇ ದಿನ ಬಿಸಿಲು ಜೋರಿತ್ತು. ಕೊಯ್ದು ತಂದ ಸೊಪ್ಪು ಬಾಡದ ಹಾಗೆ ರಾಶಿಯ ಮೇಲೆ ಒದ್ದೆ ಗೋಣಿಚೀಲ ಮುಚ್ಚುವುದು ನಮ್ಮ ರೂಢಿ. ಅದಕ್ಕೆಂದೇ ಬೇರೆ ಚೀಲಗಳಿರುತ್ತವೆ. ಅವತ್ತು ಒಂದು ಚೀಲ ಸಾಲದೆ ಬಂತು. ಕೊಟ್ಟಿಗೆಯ ತೊಲೆಯ ಮೇಲೆ ಒಂದು ಮಡಚಿಟ್ಟಿತ್ತು. ಎಳೆದುಕೊಂಡೆ. ತೊಟ್ಟಿಯಲ್ಲಿ ಅದ್ದಿದೆ. ಮುಚ್ಚಿದೆ. ಸಂಜೆ ಆ ಸೊಪ್ಪನ್ನೇ, ನನ್ನ ಈ ಹೊಗಳಿಸಿಕೊಂಡ ಕೈಯಿಂದಲೇ, ಹುಳದ ತಟ್ಟೆತಟ್ಟೆಗೂ ಹಾಸಿದೆ.

ಬೆಳಿಗ್ಗೆ ಹುಳದ ಮನೆಯಲ್ಲಿ ಸದ್ದಿರಲಿಲ್ಲ.

ತಲೆ ಅತ್ತಿಂದಿತ್ತ ಹೊರಳಿಸುತ್ತಿದ್ದವು. ಹಸಿರು ರಸ ಕಕ್ಕುತ್ತಿದ್ದವು. ಕೆಲವು ತಟ್ಟೆಯಿಂದ ನೆಲಕ್ಕೆ ಬಿದ್ದು ಸುರುಟಿಕೊಂಡಿದ್ದವು. ಒದ್ದಾಡ್ಕಂಡು ಸಾಯ್ಲಿ ಅಂದಿದ್ದನಲ್ಲ— ಹಾಗೇ. ಬಾಗಿಲಲ್ಲಿ ನಿಂತ ಯಜಮಾನರ ಬಾಯಿಂದ ಮೊದಲು ಬಂದ ಮಾತು ಅವನ ಹೆಸರು. ಅವರು ಬೀದಿಗೆ ಓಡಿದರು. ನಾನು ಸೊಪ್ಪಿನ ಕೋಣೆಗೆ ಹೋದೆ. ಆ ಗೋಣಿಚೀಲ ಎತ್ತಿ ಮೂಗಿಗೆ ಹಿಡಿದೆ.

ಮಾವಿನ ತೋಪಿಗೆ ಹೂ ಬಿಟ್ಟಾಗ ಹೊಡೆಯುವ ಔಷಧಿಯ ವಾಸನೆ. ಹದಿನೈದು ದಿನದ ಹಿಂದೆ ತೋಪಿನಿಂದ ಔಷಧಿಯ ಡಬ್ಬಗಳನ್ನು ಅದರಲ್ಲಿ ಸುತ್ತಿ ತಂದವಳು ನಾನೇ. ಒಂದು ಡಬ್ಬ ಸೋರಿ ಚೀಲ ನೆನೆದಿತ್ತು. ಒಣಗಲಿ, ಆಮೇಲೆ ಸುಟ್ಟರಾಯಿತು ಎಂದು ತೊಲೆಗೆ ಹಾಕಿದವಳೂ ನಾನೇ. ಮರೆತಿದ್ದೆ.

ಮರೆತದ್ದು ತಪ್ಪು. ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ. ಮರೆಯದೆ ಮಾಡಿದ್ದು ಮುಂದಿದೆ. ಚೀಲವನ್ನು ಹಂಡೆಯ ಒಲೆಗೆ ತುರುಕಿ ಸುಟ್ಟೆ. ಅದು ಉರಿದು ಬೂದಿಯಾಗುವವರೆಗೂ ಅಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದೆ. ಕೂತಿದ್ದಷ್ಟು ಹೊತ್ತೂ ನನಗೆ ಬುದ್ಧಿ ನೆಟ್ಟಗೇ ಇತ್ತು.

ಠಾಣೆಯವರು ಬಂದರು. ಸತ್ತ ಹುಳುಗಳನ್ನು ಶೀಶೆಗೆ ತುಂಬಿಕೊಂಡರು. ಚಿಕ್ಕಮಾದುವಿನ ಶಾಪ ಊರಿಗೆ ಊರೇ ಕೇಳಿತ್ತು. ಆದರೆ ಶಾಪ ಸಾಕ್ಷಿಯಾಗುವುದಿಲ್ಲವಲ್ಲ. ನನ್ನನ್ನು ಕೇಳಿದರು— "ಅವ್ನು ಈ ಕಡೆ ಬಂದಿದ್ದು ನೋಡಿದ್ರೇನಮ್ಮ?"

ಕೂಸು ಅಳುತ್ತಿತ್ತು. ಗಿಲಕಿ ಆಡಿಸಿದೆ.

"ನೋಡ್ದೆ ಸ್ವಾಮಿ. ಸಂಜೆ ಸೊಪ್ಪಿನ್ ಕೋಣೆ ಹಿಂದ್ಗಡೆ ನಿಂತಿದ್ದ."

ಇಷ್ಟೇ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಯಜಮಾನರು ಸಿಟ್ಟಿನವರು ಅಂದೆ, ಆದರೆ ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ನಾನು ಹೆದರಿದ್ದು ಎಲೆ ಅಡಿಕೆ ತಟ್ಟೆಗೆ. ಹುಳು ಕೊಂದ ಕೈ ಎಂದು ತಿಳಿದರೆ ಆ ತಟ್ಟೆ ಇನ್ನು ನಮ್ಮ ಬಾಗಿಲಿಗೆ ಬರುವುದಿಲ್ಲವಲ್ಲ— ಅದಕ್ಕೆ. ಒಬ್ಬ ಮನುಷ್ಯನನ್ನು ಕೊಟ್ಟು ನಾನು ಉಳಿಸಿಕೊಂಡದ್ದು ಅದನ್ನು.

ಅವನನ್ನು ಕರೆದುಕೊಂಡು ಹೋದರು. ಜಾಮೀನಿಗೆ ನಿಲ್ಲಲು ನಮ್ಮೂರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ರಾಮನಗರದ ಜೈಲಿನಲ್ಲಿ ನಲವತ್ತು ದಿನ ಇದ್ದ. ಕೇಸು ನಾಲ್ಕು ವರ್ಷ ಎಳೆಯಿತು. ಕನಕಪುರದ ಕೋರ್ಟಿನಲ್ಲಿ ಕಟಕಟೆ ಹತ್ತಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ಅದೇ ಸುಳ್ಳನ್ನು ಇನ್ನೊಂದು ಸಲ ಹೇಳಿದೆ. ಅವನು ಎದುರಿಗೇ ನಿಂತಿದ್ದ. ಇಲ್ಲ ಅನ್ನಲಿಲ್ಲ, ನನ್ನ ಕಡೆ ಬೆರಳು ತೋರಿಸಲಿಲ್ಲ, ತಲೆ ತಗ್ಗಿಸಿದ್ದ. ಅದನ್ನು ನೋಡಿ ನನಗೆ— ಬರೆಯಲು ನಾಚಿಕೆಯಾಗುತ್ತದೆ— ಒಳಗೇ ಒಂದು ಧೈರ್ಯ ಬಂತು. ತಲೆ ತಗ್ಗಿಸಿದವನು ತಪ್ಪು ಮಾಡಿರಲೂಬಹುದು ಅಂತ. ಅವನು ಏನೂ ಮಾಡಿಲ್ಲವೆಂದು ಲೋಕದಲ್ಲಿ ಖಂಡಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ನನಗೇ ಹಾಗೆ ಅನ್ನಿಸಿತು!

ಹುಳದಲ್ಲಿ ಔಷಧಿ ಇತ್ತು, ಹಾಕಿದ್ದು ಇವನೇ ಅನ್ನಲು ಸಾಕ್ಷಿ ಸಾಲದು— ಎಂದು ಕೋರ್ಟು ಬಿಟ್ಟಿತು. ಊರು ಬಿಡಲಿಲ್ಲ. ವಿಷದ ಮಾದ ಎಂದು ಹೆಸರಿಟ್ಟಿತು. ಆ ಹೆಸರು ಹುಟ್ಟಿದ್ದು ಹಾಲಿನ ಡೈರಿಯ ಮುಂದೆ, ಬೆಳಿಗ್ಗೆ ಕ್ಯಾನು ಹಿಡಿದು ಸಾಲು ನಿಂತಾಗ. "ಏನ್ಲಾ ಮಾದ, ಇವತ್ತು ಹಾಲ್ಗೇನ್ ಬೆರೆಸ್ಕಂಡ್ ಬಂದಿದ್ಯಲಾ?" ಎಂದು ಒಬ್ಬ ಕೇಳುವುದು, ಮಿಕ್ಕವರು ನಗುವುದು. ಅವನು ಬೀದಿಯಲ್ಲಿ ಬಂದರೆ ಹೆಂಗಸರು ಹುಳದ ಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ನಾನೂ ಎಳೆದುಕೊಂಡಿದ್ದೇನೆ. ಕಡೆಗೆ ಆ ಹಸುವನ್ನು ಮಾರಿ, ಹೆಂಡತಿ ಮಗಳನ್ನು ಕರೆದುಕೊಂಡು, ಅಕ್ಕೂರಿನ ಹತ್ತಿರ ಹೆಂಡತಿಯ ತೌರಿಗೆ ಹೋಗಿಬಿಟ್ಟ. ನನಗೆ ಎಲೆ ಅಡಿಕೆ ತಟ್ಟೆ ಬರುತ್ತಲೇ ಇತ್ತು.

ಗಿಲಕಿ ದಾಟಿಸಿದ ಮಾರನೆಯ ಬೆಳಿಗ್ಗೆ ಚೈತ್ರಳಿಗೆ ಇಷ್ಟನ್ನೂ ಹೇಳಿದೆ. ಅವಳು ನನ್ನನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ ಅನ್ನಿಸುತ್ತದೆ. ತಬ್ಬಲಿಲ್ಲ.

"ನಾಳೇನೇ ಹೋಗಿ ಅವ್ನ ಕಾಲ್ ಹಿಡ್ಕತೀನಿ ಕಣಮ್ಮಿ" ಎಂದೆ.

"ಬೇಡ ಅಜ್ಜಿ. ನೀನ್ ಹೋಗಿ ಕಾಲ್ ಹಿಡ್ಕೊಂಡ್ರೆ ನಿಂಗೆ ಹಗುರ ಆಗ್ಬಿಡುತ್ತೆ. ಆ ಭಾರ ಹೋಗಿ ಅವ್ರ ತಲೆ ಮೇಲೆ ಕೂರುತ್ತೆ. ನಿನ್ ಮುಖ ನೋಡೋಕೆ ಅವ್ರಿಗೆ ಇಷ್ಟ ಇದ್ಯಾ ಅಂತ ಮೊದ್ಲು ಕೇಳ್ಬೇಕು. ನಾನ್ ಹೋಗಿ ಕೇಳ್ಕೊಂಡ್ ಬತ್ತೀನಿ. ಇಲ್ಲ ಅಂದ್ರೆ ಇಲ್ಲ."

ಅವಳೊಬ್ಬಳೇ ಹೋಗಿಬಂದಳು. ಚಿಕ್ಕಮಾದು ಸತ್ತು ಆರು ವರ್ಷವಾಗಿತ್ತು. ಅದೂ ನನಗೆ ಗೊತ್ತಿರಲಿಲ್ಲ. ಹೆಂಡತಿ ಪುಟ್ಟಮ್ಮ ಅಲ್ಲೇ ಮಗಳ ಮನೆಯಲ್ಲಿದ್ದಳು. ನಡೆದದ್ದನ್ನು ಚೈತ್ರ ಹೇಳಿದಾಗ ಅವಳು ಬಾಗಿಲು ಹಾಕಿಕೊಂಡಳಂತೆ. ಒಂದು ತಿಂಗಳಾದ ಮೇಲೆ, ನಿಮ್ಮಜ್ಜಿ ಬರಲಿ ಎಂದು ಹೇಳಿ ಕಳಿಸಿದಳು.

ಹೋದೆವು. ಬಾಗಿಲಿಗೆ ಬಂದವರಿಗೆ ಒಂದು ಚೊಂಬು ನೀರು ಕೊಡುವುದು ನಮ್ಮ ಕಡೆ ಶತ್ರುವಿಗೂ ತಪ್ಪಿಸುವುದಿಲ್ಲ. ಪುಟ್ಟಮ್ಮ ನೀರು ಕೊಡಲಿಲ್ಲ. ಜಗಲಿಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ನಡುವೆ ಚೈತ್ರ. ನಾನು ಚೀಲದಿಂದ ಹಿಡಿದು ಕಟಕಟೆಯವರೆಗೂ ಒಂದೂ ಬಿಡದೆ ಹೇಳಿದೆ. ಅವಳು ಕೇಳಿಸಿಕೊಂಡಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನಮ್ಮನೇರು ಕೋರ್ಟಲ್ಲಿ ಯಾಕ್ ತಲೆ ತಗ್ಗುಸ್ತಿದ್ರು ಗೊತ್ತಾ ಅಕ್ಕ?" ಎಂದಳು. "ತಮ್ ಬಾಯಿಂದ್ಲೇ ಹುಳ ಸತ್ವು ಅಂದ್ಕಂಡಿದ್ರು. ಒದ್ದಾಡ್ಕಂಡು ಸಾಯ್ಲಿ ಅಂದೆ, ಹಂಗೇ ಸತ್ವು ಪುಟ್ಟಿ, ಬಾಯಿಲ್ದಿರೋ ಹುಳಗಳ್ನ ನಾನೇ ಕೊಂದ್ಬುಟ್ಟೆ ಅನ್ನೋರು. ಹಸೂಗೆ ಮರುಗ್ದೋರು ಹುಳಕ್ಕೆ ಮರುಗ್ದೆ ಇರ್ತಾರಾ? ಇಲ್ಗೆ ಬಂದ್ಮೇಲೂ ಯಾರ್ ಹುಳದ್ ಮನೆ ತಾವ್ಲೂ ಹೋಗ್ತಿರ್ಲಿಲ್ಲ. ಸೊಪ್ಪಿನ್ ತೋಟ ಬಂದ್ರೆ ಸುತ್ತಾಕ್ಕಂಡ್ ಹೋಗೋರು. ಮಾತೇ ನಿಲ್ಸಿಬುಟ್ರು."

ಒಳಗೆ ಹನ್ನೊಂದು ಹನ್ನೆರಡು ವರ್ಷದ ಹುಡುಗಿ ಒಬ್ಬಳು ಏನೋ ಓದುತ್ತಿದ್ದಳು. ಪುಟ್ಟಮ್ಮ ಆ ಕಡೆ ಗೋಣು ತಿರುಗಿಸಿದಳು.

"ಈ ಮಗ ಹುಟ್ದಾಗ ಎತ್ಕಳಿ ಅಂದ್ರೆ ಎತ್ಕಂಡ್ರು. ಒಂದ್ ಒಳ್ಳೇ ಮಾತಾಡಿ ಹರಸಿ ಅಂದ್ರೆ ಬಾಯಿ ಬಿಡ್ಲಿಲ್ಲ. ನನ್ ಬಾಯಿ ಸರಿಯಿಲ್ಲ ಕಣೇ, ಕೂಸಿಗೇನಾರ ಆದಾತು ಅಂದ್ಬುಟ್ರು. ಆರು ವರ್ಷ ಎತ್ತಾಡ್ಸುದ್ರು, ಬಾ ಮಗ ಅಂತ್ಲೂ ಕರೀಲಿಲ್ಲ. ಈ ಮಗ ತಾತನ್ ದನಿ ಹೆಂಗಿತ್ತು ಅಂತ ನನ್ ಕೇಳ್ತದೆ."

ನಾನು ಬೀದಿ ತುಂಬ ಸಿಹಿ ಹಂಚಿದವಳು. ಕಂಡಕ್ಟರಿಗೆ ಹೇಳಿದವಳು. ಇಪ್ಪತ್ಮೂರು ವರ್ಷದಿಂದ ನನ್ನ ಮೊಮ್ಮಗಳನ್ನು ಬಂಗಾರ, ಮುತ್ತು, ನನ್ನವ್ವ ಎಂದು ಬಾಯಿ ತುಂಬ ಕರೆದವಳು... ಆ ಒಂದು ಗೋಣಿಚೀಲದ ಮಾತನ್ನು ನಾನು ಎಂದಾದರೂ ಆಡಿದ್ದರೆ ಆ ಮನುಷ್ಯನಿಗೆ ತನ್ನ ಬಾಯಿ ತನಗೆ ವಾಪಸ್ಸು ಸಿಗುತ್ತಿತ್ತು. ಜೈಲಿನ ನಲವತ್ತು ದಿನವಷ್ಟೇ ನನ್ನ ಪಾಪ ಅಂದುಕೊಂಡು ಬಂದಿದ್ದೆ. ಅದು ಚಿಕ್ಕದು.

ಚೈತ್ರ ಮೆಲ್ಲಗೆ ಕೇಳಿದಳು— "ನಿಮಗೆ ಈಗ ಏನ್ ಬೇಕಜ್ಜಿ?"

ಪುಟ್ಟಮ್ಮ ಯೋಚಿಸಲೇ ಇಲ್ಲ. ಆ ಒಂದು ತಿಂಗಳು ಅದನ್ನೇ ಯೋಚಿಸಿರಬೇಕು.

"ಕ್ಷಮ್ಸು ಅನ್ಬ್ಯಾಡಿ ಅಕ್ಕ. ಅದು ನನ್ ಕೈಲಾಗಕಿಲ್ಲ. ಇಲ್ ಬಂದು ನನ್ ಕಿವೀಲಿ ಹೇಳ್ಬುಟ್ರೆ ಏನ್ ಬಂತು? ಅವ್ರಿಗೆ ಹೆಸ್ರಿಕ್ಕಿದ್ದು ಡೈರಿ ಮುಂದೆ. ಅಲ್ಲೇ ಹೇಳಿ. ಬೆಳಿಗ್ಗೆ, ಎಲ್ರೂ ಹಾಲಾಕಕ್ಕೆ ನಿಂತಿರ್ತಾರಲ್ಲ, ಆವಾಗ. ಕೂಗಿ ಹೇಳಿ. ಅವ್ರು ಹೆಂಗ್ ಕೂಗಿದ್ರೋ ಹಂಗೆ."

ಮನೆಗೆ ಬಂದು ಹೇಳಿದಾಗ ಶಿವಣ್ಣ ರೇಗಿದ. "ಸತ್ತೋಗಿರೋ ಅಪ್ಪನ ಹೆಸ್ರು ಬೀದಿಗೆ ಎಳೀಬ್ಯಾಡ ಕಣವ್ವ. ನಾಳೆ ನಿನ್ ಮೊಮ್ಮಗಳೇ ಲಾಯರು, ಕೋರ್ಟಲ್ಲಿ ಸುಳ್ ಸಾಕ್ಷಿ ಹೇಳ್ದೋಳ್ ಮೊಮ್ಮಗಳು ಅನ್ನಲ್ವಾ ಜನ?" ಅವನು ಹೇಳಿದ್ದು ನಿಜ, ಅಂದೇ ಅನ್ನುತ್ತಾರೆ. ನಾನು ಚೈತ್ರಳ ಕಡೆ ನೋಡಿದೆ. "ಅನ್ಲಿ" ಎಂದಳು. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಸಿಹಿ ಹಂಚಿದ ದಿನದ ಆ ಮುಖ ನನಗೆ ಮತ್ತೆ ಸಿಗುತ್ತದೋ ಇಲ್ಲವೋ. ಕೇಳುವ ಹಕ್ಕೂ ನನಗಿಲ್ಲ. ಯಜಮಾನರು ಸಾಯುವವರೆಗೂ ಚಿಕ್ಕಮಾದುವೇ ವಿಷ ಹಾಕಿದ ಎಂದು ನಂಬಿಯೇ ಸತ್ತರು. ಅವರನ್ನೂ ನಾನು ಸುಳ್ಳಿನಲ್ಲೇ ಕಳಿಸಿಕೊಟ್ಟೆ.

ನಾಳೆ ಬೆಳಿಗ್ಗೆ ಡೈರಿಗೆ ಹೋಗುತ್ತೇನೆ. ಅಷ್ಟು ಜನರ ಮುಂದೆ ನಾಲಿಗೆ ಹೊರಳದೆ ಹೋದರೆ ಎಂದು ಇದನ್ನು ಬರೆದುಕೊಂಡಿದ್ದೇನೆ. ನೀನು ಓದಿಬಿಡು ಎಂದು ಚೈತ್ರಳನ್ನು ಕೇಳಿದೆ. "ಪಕ್ಕದಲ್ಲಿ ನಿಂತಿರ್ತೀನಿ, ಓದಲ್ಲ" ಎಂದಳು. ಸರಿಯಾಗೇ ಹೇಳಿದಳು. ಹೇಳಿದ ಮೇಲೆ ಊರು ಏನು ಮಾಡುತ್ತದೋ ಗೊತ್ತಿಲ್ಲ. ಬಾಗಿಲು ಎಳೆದುಕೊಳ್ಳಬಹುದು. ಎಳೆದುಕೊಳ್ಳಲಿ.

ಇವತ್ತು ಸಂಜೆ ಮೇಲಿನ ಬೀದಿಯ ಜಯಮ್ಮ ಬಂದಿದ್ದಳು. ಹೊಸ ಹುಳದ ಮನೆ ಕಟ್ಟಿಸಿದ್ದಾರೆ. ಕೈಯಲ್ಲಿ ಎಲೆ ಅಡಿಕೆ ತಟ್ಟೆ. "ನಾಡಿದ್ದು ಹುಳ ಇಳುಸ್ತೀವಿ ನಿಂಗಕ್ಕ, ಮೊದಲ್ನೇ ಸೊಪ್ಪು ನಿಮ್ದೇ" ಎಂದಳು. ನಾನು ತಟ್ಟೆಗೆ ಕೈ ಚಾಚಲಿಲ್ಲ.

"ನಾಳೆ ಬೆಳಿಗ್ಗೆ ಡೈರಿ ತಾವ ಬಾರವ್ವ. ನಾನೊಂದ್ ಮಾತ್ ಹೇಳ್ತೀನಿ. ಅದ್ ಕೇಳಿದ್ಮೇಲೂ ಕರೀಬೇಕು ಅನ್ನುಸುದ್ರೆ ಕರಿ" ಎಂದೆ.

ಅವಳಿಗೆ ಏನೂ ಅರ್ಥವಾಗಲಿಲ್ಲ. ತಟ್ಟೆಯನ್ನು ಜಗಲಿಯ ಮೇಲಿಟ್ಟು ಹೋದಳು. ಅದು ಇನ್ನೂ ಅಲ್ಲೇ ಇದೆ. ಸೆಕೆಗೆ ಎಲೆ ಬಾಡತೊಡಗಿದೆ. ಬಾಡಬಾರದೆಂದು ಒಂದು ಒದ್ದೆ ಬಟ್ಟೆ ಮುಚ್ಚಲು ನನ್ನ ಕೈ ತಾನಾಗೇ ಎದ್ದಿತು. ಹಿಂದಕ್ಕೆ ತೆಗೆದುಕೊಂಡೆ.